ದೆವ್ವದ ಪುಸ್ತಕದೊಳಗೆ ಹೆಂಡತಿ

ಒಬ್ಬ ಮನುಷ್ಯ ಇಡೀ ಆಯುಷ್ಯವನ್ನು ಒಂದೇ ಮಾತಿನಲ್ಲಿ ಕಳೆಯಬಹುದೇ ಎಂಬ ಪ್ರಶ್ನೆ ದೊಡ್ಡ ದೊಡ್ಡವರನ್ನು ಕಾಡಿದೆಯೋ ಇಲ್ಲವೋ ಗೊತ್ತಿಲ್ಲ. ರಟ್ಟಣ್ಣನಂತೂ ಯಾರೂ ಕೇಳದೆಯೇ ಅದನ್ನು ಮಾಡಿ ತೋರಿಸುತ್ತಿದ್ದ. ಆ ಮಾತು "ಆಗಲಿ".

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕೆಲಸ. ಅದರಿಂದಲೇ ರಟ್ಟಣ್ಣ ಎಂಬ ಹೆಸರು ಬಂದು, ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. "ಈ ಐವತ್ತು ಪುಸ್ತಕ ನಾಳೆಗೇ ಬೇಕು" ಎಂದು ಮೇಲಿನಿಂದ ಗ್ರಂಥಪಾಲಕಿ ಮೇಡಂ ಹೇಳಿ ಕಳಿಸಿದರೆ ಆಗಲಿ ಅನ್ನುತ್ತಿದ್ದ. "ಅಷ್ಟೆಲ್ಲ ನಾಳೆಗೆ ಆಗಲ್ಲ ಅಲ್ವಾ?" ಎಂದು ಅವರೇ ಕೇಳಿದರೆ ಅದಕ್ಕೂ ಆಗಲಿ. ಹತ್ತು ಸಾವಿರ ಪುಸ್ತಕ ಕಟ್ಟಿದ್ದ, ಒಂದನ್ನೂ ಓದಿರಲಿಲ್ಲ. ಕಾಗದವನ್ನು ಬೆರಳ ತುದಿಯಲ್ಲಿ ಉಜ್ಜಿ ದಪ್ಪ ಎಷ್ಟು, ಬಾಳಿಕೆ ಎಷ್ಟು ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ. ಅದರ ಮೇಲೆ ಏನು ಬರೆದಿದೆ ಎನ್ನುವುದು ಅವನ ಪಾಲಿಗೆ ಕಾಗದದ ಮೇಲೆ ಬಿದ್ದ ಕಲೆ ಅಷ್ಟೆ.

ಆ ವರ್ಷ ಗ್ರಂಥಾಲಯಕ್ಕೆ ಒಂದು ದೆವ್ವದ ಪುಸ್ತಕ ಬಂತು. ಯಾರೋ ತೀರಿಕೊಂಡ ಸಂಗ್ರಾಹಕರ ಮನೆಯಿಂದ ದಾನವಾಗಿ ಬಂದದ್ದು. ಮುನ್ನೂರು ವರ್ಷದ ಹಿಂದಿನ ಅಚ್ಚು. ಭಾಷೆ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಒಳಗೆ ನೂರ ಹನ್ನೊಂದು ದೆವ್ವಗಳ ಚಿತ್ರ, ಒಂದೊಂದಕ್ಕೂ ಕೆಳಗೆ ಹೆಸರು, ಗುಣ, ಅದು ಮನುಷ್ಯರಿಗೆ ಕೊಡುವ ಕಾಟದ ವಿವರ. ಹುಳು ತಿಂದ ಚರ್ಮದ ಬೆನ್ನನ್ನು ಕಿತ್ತು ಹೊಸದಾಗಿ ಕಟ್ಟುವ ಕೆಲಸ ರಟ್ಟಣ್ಣನ ಮೇಜಿಗೆ ಬಂತು. "ಹುಷಾರು, ಇದು ಅಪರೂಪದ ಗ್ರಂಥ" ಎಂದರು ಮೇಡಂ. "ಆಗಲಿ" ಎಂದ ರಟ್ಟಣ್ಣ.

ಹೊಲಿಯುವಾಗ ಅವನಿಗೆ ಒಂದು ದೆವ್ವದ ಪರಿಚಯವಾಯಿತು. ಅನುಕ್ರಮದಲ್ಲಿ ನಲವತ್ತಮೂರನೆಯದು. ಉಳಿದವೆಲ್ಲ ಕೋರೆಹಲ್ಲು, ಕೊಂಬು, ಬೆಂಕಿ ಎಂದು ಸಂಭ್ರಮಿಸುತ್ತಿದ್ದರೆ, ಇದೊಂದು ಯಾರದೋ ಮನೆಯ ಹೊಸ್ತಿಲ ಮೇಲೆ ಮೊಣಕಾಲು ಮಡಚಿ, ಗಲ್ಲಕ್ಕೆ ಕೈಯೂರಿ, ಬೀದಿಯನ್ನೇ ನೋಡುತ್ತ ಕೂತಿತ್ತು. ಯಾರನ್ನೋ ಕಾಯುವ ಹಾಗೆ. ರಟ್ಟಣ್ಣನಿಗೆ ಪಾಪ ಅನ್ನಿಸಿತು.

ಅವನ ಹೆಂಡತಿ ಊರಿಗೆ ಹೋದದ್ದೂ ಅದೇ ದಿನ. ನಾಲ್ಕು ಗಂಟೆ ಬಸ್ಸಿನ ದಾರಿಯಲ್ಲಿ ಅವಳ ಅಕ್ಕನಿಗೊಂದು ಹೊಲಿಗೆ ಅಂಗಡಿ ಇತ್ತು. ಶಾಲೆಗಳು ತೆರೆಯುವ ಕಾಲ, ಸಮವಸ್ತ್ರದ ರಾಶಿ ಬಿದ್ದಿದೆ, ಕೈ ಜೋಡಿಸಲು ಬಾ ಎಂದು ಕರೆದಿದ್ದಳು. ಬೆಳಿಗ್ಗೆ ಹೊರಡುವಾಗ ಹೆಂಡತಿ ಅವನ ಬುತ್ತಿ ಚೀಲವನ್ನು ಕೈಗೆ ಕೊಟ್ಟು, ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಚೀಲದಲ್ಲಿ ಇಟ್ಟಿದ್ದೀನಿ, ನೋಡಿ" ಎಂದಳು.

"ಆಗಲಿ" ಎಂದ. ಊಟದ ವಿಷಯ ಎಂದುಕೊಂಡಿದ್ದ.

ಪುಸ್ತಕದ ಹೊಲಿಗೆ ಮುಗಿದ ಮೇಲೆ ಬೆನ್ನಿಗೆ ಗಟ್ಟಿ ಕಾಗದದ ಪಟ್ಟಿಯೊಂದನ್ನು ಅಂಟಿಸಿ, ಅದರ ಮೇಲೆ ಚರ್ಮ ಹೊದಿಸುತ್ತಾರೆ. ಒಮ್ಮೆ ಒಳಗೆ ಹೋದ ಆ ಪಟ್ಟಿ ಇನ್ನು ನೂರು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದು ಗಟ್ಟಿ ಕಾಗದ ಮುಗಿದಿತ್ತು. ಬೇಕೆಂದು ಬರೆದುಕೊಟ್ಟು ನಾಲ್ಕು ತಿಂಗಳಾಗಿ, ಆ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರವಾಸ ಮಾಡುತ್ತಿತ್ತು. ರಟ್ಟಣ್ಣ ಬುತ್ತಿ ಚೀಲದೊಳಗೆ ಕೈಹಾಕಿದ. ಮನೆಯಿಂದ ಚೂರುಪಾರು ಕಾಗದ ತರುವುದು ಅವನ ಹಳೆಯ ಅಭ್ಯಾಸ. ಉದ್ದಕ್ಕೆ ಮೂರು ಮಡಿಕೆ ಮಾಡಿದ ಕಂದು ಕಾಗದವೊಂದು ಸಿಕ್ಕಿತು. ಕಣ್ಣುಮುಚ್ಚಿ ಉಜ್ಜಿ ನೋಡಿದ. ಭಲೇ ಕಾಗದ! ಮಡಿಕೆಯನ್ನೂ ಬಿಚ್ಚದೆ ಅಂಟು ಬಳಿದ, ಬೆನ್ನಿಗೆ ಒತ್ತಿದ, ಮೇಲೆ ಚರ್ಮ ಎಳೆದ, ತೂಕದ ಕಲ್ಲಿನಡಿ ಇಟ್ಟ. ತನ್ನ ಜೀವಮಾನದ ಅತ್ಯುತ್ತಮ ಕೆಲಸ ಇದು ಎಂದು ಅವನಿಗೆ ಅನ್ನಿಸಿದ್ದು ಸುಳ್ಳಲ್ಲ.

*

ಹತ್ತು ದಿನ ಕಳೆಯಿತು. ಹತ್ತು ದಿನವೂ ಮನೆ ತನ್ನ ಪಾಡಿಗೆ ಇತ್ತು, ರಟ್ಟಣ್ಣ ಮಾತ್ರ ತನ್ನ ಪಾಡಿಗೆ ಇರಲಿಲ್ಲ. ಎರಡು ಲೋಟ ಚಹಾ ಮಾಡುವುದು, ಒಂದನ್ನು ಕುಡಿಯುವುದು, ಇನ್ನೊಂದನ್ನು ಆರಿದ ಮೇಲೆ ಚೆಲ್ಲುವುದು. ನೀಲಿ ಅಂಗಿಯ ಎರಡನೇ ಗುಂಡಿ ಕಿತ್ತುಬಂತು. ಪುಸ್ತಕ ಹೊಲಿಯುವ ಮೇಣದ ದಾರದಿಂದ ಅಂಗಿಯನ್ನೇ ಗಂಟು ಹಾಕಿಕೊಂಡ. ಸಂಜೆ ಅವಳ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಸೂಜಿಗೆ ದಾರವಿಲ್ಲದೆ, ಚಕ್ರವನ್ನು ಕೈಯಿಂದ ಸ್ವಲ್ಪ ತಿರುಗಿಸುತ್ತಿದ್ದ. ಟಕ್ ಟಕ್ ಎಂಬ ಸದ್ದು ಕೇಳಿದರೆ ಒಳಗೆ ಯಾರೋ ಇದ್ದಾರೆ ಎಂಬ ಭಾಸ.

ಹನ್ನೊಂದನೇ ದಿನ ಸಂಜೆ ಫೋನ್ ಬಂತು. ಹಿಂದೆ ನಿಜವಾದ ಯಂತ್ರದ ಸದ್ದು.

"ಕಾಗದ ಓದಿದ್ರಾ?"

ಯಾವ ಕಾಗದ ಎಂದು ಕೇಳಬೇಕಿತ್ತು. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಅದನ್ನೇ ಕೇಳುತ್ತಿದ್ದರು. ಆದರೆ ಹತ್ತು ದಿನ ಕಾದು ಕೇಳಿದ ದನಿ ಅದು. ಯಾವ ಕಾಗದ ಎಂದರೆ ಎಲ್ಲಿ ಫೋನ್ ಇಟ್ಟುಬಿಡುತ್ತಾಳೋ ಎಂದು ರಟ್ಟಣ್ಣನಿಗೆ ಹೆದರಿಕೆಯಾಯಿತು.

"ಓದಿದೆ" ಎಂದ.

"ಪೂರ್ತಿ?"

"ಪೂರ್ತಿ. ಎರಡು ಸಲ."

ಯಂತ್ರದ ಸದ್ದು ನಿಂತಿತು.

"ಏನಂತೀರಿ ಹಾಗಾದ್ರೆ?"

"ಆಗಲಿ."

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು.

"ಆಗಲಿ ಅಂತಾನಾ?"

"ಹೂಂ ಕಣೇ. ಧಾರಾಳವಾಗಿ ಆಗಲಿ."

"ಸರಿ ಬಿಡಿ" ಎಂದಳು. ಫೋನ್ ಇಟ್ಟಳು. ಅಂದಿನಿಂದ ಅವನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಮರುದಿನ ಷಡ್ಡಕ ಫೋನ್ ಮಾಡಿದ. ಹೆಂಡತಿಯ ಅಕ್ಕನ ಗಂಡ. ಫೋನ್ ಎಂಬ ಯಂತ್ರದ ಮೇಲೆ ನಂಬಿಕೆ ಇಲ್ಲದೆ, ನಾಲ್ಕು ಗಂಟೆ ದೂರವನ್ನು ಗಂಟಲಿನಿಂದಲೇ ದಾಟಿಸುವವನಂತೆ ಕೂಗುವ ಮನುಷ್ಯ.

"ಭಲೇ ಮಾರಾಯ! ನಾನಾಗಿದ್ರೆ ಒಪ್ತಿರಲಿಲ್ಲ ನೋಡು!"

"ಯಾಕೆ?" ಎಂದ ರಟ್ಟಣ್ಣ ಮೆಲ್ಲಗೆ.

"ಯಾಕೆ ಅಂದ್ರೆ? ಗಂಡಸು ಅಂದ ಮೇಲೆ ಒಂದು ಮಾತು ಬೇಡವಾ? ಅವಳು ನಿನ್ನೆಯಿಂದ ಊಟ ಬಿಟ್ಟು ಹೊಲೀತಾ ಇದ್ದಾಳೆ. ಆದ್ರೂ ನಿನ್ನದು ದೊಡ್ಡ ಮನಸ್ಸು ಬಿಡು. ಮುಂದಿನ ಭಾನುವಾರ ಪೇಂಟರ್ ಬರ್ತಾನೆ. ಒಂದ್ಸಲ ಬಣ್ಣ ಬಿತ್ತು ಅಂದ್ರೆ ಆಮೇಲೆ ಅಳಿಸೋದಕ್ಕಾಗಲ್ಲ, ತಿಳ್ಕೋ!"

ಏನಕ್ಕೆ ಬಣ್ಣ? ತಾನು ಒಪ್ಪಿದ್ದಾದರೂ ಏನನ್ನು? ಕೇಳಿದರೆ ಓದಿಲ್ಲ ಎಂದು ತಿಳಿಯುತ್ತದೆ. ಓದಿಲ್ಲ ಎಂದು ತಿಳಿದರೆ ಎರಡು ಸಲ ಓದಿದ್ದೂ ಬಯಲಾಗುತ್ತದೆ. ರಟ್ಟಣ್ಣ ಫೋನ್ ಇಟ್ಟು ಮನೆಯನ್ನು ತಲೆಕೆಳಗು ಮಾಡಿದ. ದಿಂಬಿನಡಿ, ಡಬ್ಬಿಗಳ ಹಿಂದೆ, ಅಂಗಿಯ ಜೇಬು. ಕಡೆಗೆ ಹೊಲಿಗೆ ಯಂತ್ರದ ಖಾನೆ ಎಳೆದ. ಒಳಗೆ ಅಳತೆ ಕತ್ತರಿಸಲು ಅವಳು ಬಳಸುವ ಕಂದು ಕಾಗದದ ಹಾಳೆಗಳು. ಒಂದನ್ನು ಬೆರಳ ತುದಿಯಲ್ಲಿ ಉಜ್ಜಿದ.

ಕಣ್ಣು ನೋಡದ್ದನ್ನು ಬೆರಳು ಮರೆತಿರಲಿಲ್ಲ. ರಟ್ಟಣ್ಣ ಖಾನೆಯ ಪಕ್ಕದಲ್ಲೇ ಕುಸಿದು ಕೂತ.

*

ದೆವ್ವದ ಪುಸ್ತಕ ಆಗಲೇ ಗಾಜಿನ ಪೆಟ್ಟಿಗೆ ಸೇರಿತ್ತು. ಮಕ್ಕಳು ಹೆದರಬಾರದೆಂದು ಮೇಡಂ ಹೊಸ್ತಿಲ ಮೇಲೆ ಕೂತ ನಲವತ್ತಮೂರನೇ ದೆವ್ವದ ಪುಟವನ್ನೇ ತೆರೆದಿಡಿಸಿದ್ದರು. ಮುಂದಿನ ಶನಿವಾರ ಆ ಭಾಷೆ ಬಲ್ಲ ಪಂಡಿತರೊಬ್ಬರು ಹೊರಗಿನಿಂದ ಬಂದು ಅದನ್ನು ಪರೀಕ್ಷಿಸುವವರಿದ್ದರು. ಅಪರೂಪದ ಗ್ರಂಥವನ್ನು ಒಮ್ಮೆ ಕಟ್ಟಿದ ಮೇಲೆ ಬಿಚ್ಚಬೇಕಾದರೆ ಒಂದು ನಮೂನೆ ತುಂಬಬೇಕು. ನಮೂನೆಯಲ್ಲಿ "ಕಾರಣ" ಎಂಬ ಅಂಕಣ ಇತ್ತು. ರಟ್ಟಣ್ಣ ಅದರ ಮುಂದೆ ಒಂದು ಗಂಟೆ ಕೂತ.

ಹೆಂಡತಿಯ ಕಾಗದ ಎಂದು ಬರೆದರೆ, ಒಂದೇ ಮನೆಯಲ್ಲಿರುವ ಹೆಂಡತಿ ಕಾಗದ ಯಾಕೆ ಬರೆದಳು ಎನ್ನುತ್ತಾರೆ. ಬರೆದದ್ದನ್ನು ಓದದೆ ಯಾಕೆ ಅಂಟಿಸಿದೆ ಎನ್ನುತ್ತಾರೆ. ಎರಡಕ್ಕೂ ಉತ್ತರ "ಆಗಲಿ" ಅಲ್ಲ. ಕೊನೆಗೆ ಹೀಗೆ ಬರೆದ: "ನಮ್ಮ ಮನೆಗೆ ಸೇರಿದ್ದೊಂದು ಕಣ್ತಪ್ಪಿನಿಂದ ಪುಸ್ತಕದೊಳಗೆ ಸೇರಿಹೋಗಿದೆ. ಹೊರಗೆ ತೆಗೆಯಲು ಅಪ್ಪಣೆಯಾಗಬೇಕು."

ಮೇಡಂ ಕನ್ನಡಕ ಏರಿಸಿ ಓದಿದರು. "ಏನು ಸೇರಿದೆ ರಟ್ಟಣ್ಣ?"

"ಅದು ಹೇಳೋದಕ್ಕಾಗಲ್ಲ ಮೇಡಂ."

"ಯಾರಿಗೆ ಸೇರಿದ್ದು ಅದು?"

"ನಮ್ಮ ಮನೆಯವಳಿಗೆ."

"ಅವರನ್ನೇ ಕರ್ಕೊಂಡು ಬನ್ನಿ, ಕೇಳೋಣ."

"ಅವಳು ಇದ್ದಿದ್ರೆ ಇಷ್ಟೆಲ್ಲ ಯಾಕೆ ಮೇಡಂ" ಎಂದ ರಟ್ಟಣ್ಣ. ಕಣ್ಣಲ್ಲಿ ನೀರು ಬಂತು. "ಅದು ಹೊರಗೆ ಬರದಿದ್ರೆ ಅವಳೂ ಬರಲ್ಲ."

ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ಅಟೆಂಡರ್ ಈ ಮಾತುಗಳನ್ನು ಕೇಳಿದ. ಇಡೀ ಮಾತು ಕೇಳಿಸಿಕೊಳ್ಳುವ ತಾಳ್ಮೆ ಅವನಿಗೆ ಯಾವತ್ತೂ ಇರಲಿಲ್ಲ. ಅರ್ಧ ಕೇಳಿ ಉಳಿದರ್ಧವನ್ನು ಸ್ವಂತ ಶ್ರಮದಿಂದ ಕಟ್ಟುವುದು ಅವನ ಪದ್ಧತಿ. ಹತ್ತೂವರೆಗೆ ಪತ್ರಿಕೆ ವಿಭಾಗದಲ್ಲಿ "ರಟ್ಟಣ್ಣನ ಹೆಂಡತಿಯದೇನೋ ದೆವ್ವದ ಪುಸ್ತಕದಲ್ಲಿದೆಯಂತೆ" ಎಂದಿದ್ದ ಸುದ್ದಿ, ಹನ್ನೊಂದೂವರೆಗೆ "ಹೆಂಡತಿಗೆ ಹಿಡಿದಿದ್ದ ದೆವ್ವವನ್ನು ಅದರೊಳಗೆ ಕಟ್ಟಿ ಹಾಕಿದ್ದಾನಂತೆ" ಎಂದಾಯಿತು. ಊಟದ ಹೊತ್ತಿಗೆ ದೆವ್ವ ಎಂಬ ಅನವಶ್ಯಕ ಭಾಗ ಉದುರಿಹೋಗಿ, ಮಾತು ಸರಳವಾಯಿತು: ರಟ್ಟಣ್ಣ ಹೆಂಡತಿಯನ್ನೇ ಪುಸ್ತಕದೊಳಗೆ ಸೇರಿಸಿ ಹೊಲಿದುಬಿಟ್ಟಿದ್ದಾನೆ.

ಮೂರು ದಿನದಲ್ಲಿ ಗ್ರಂಥಾಲಯಕ್ಕೆ ಹಿಂದೆಂದೂ ಬರದಷ್ಟು ಓದುಗರು ಬಂದರು. ಗಾಜಿನ ಪೆಟ್ಟಿಗೆಗೆ ಕಿವಿ ಇಟ್ಟವರಿಗೆ ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಮೇಡಂ ಒಂದು ಕಡೆ ನಮೂನೆಯನ್ನು ಮೇಲಿನವರಿಗೆ ಕಳಿಸಿ ಉತ್ತರ ಕಾಯುತ್ತ, ಇನ್ನೊಂದು ಕಡೆ ಸಂದರ್ಶಕರ ಸಂಖ್ಯೆಯನ್ನು ವರದಿಯಲ್ಲಿ ಬರೆಯುತ್ತ, ಸಿಟ್ಟಾಗಬೇಕೋ ಸಂತೋಷಪಡಬೇಕೋ ತಿಳಿಯದೆ ಇದ್ದರು.

ರಟ್ಟಣ್ಣನೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದ. ಒಂದು ಬೆರಳಿನಷ್ಟು ದಪ್ಪದ ಗಾಜು, ಅದರಾಚೆ ಅವನೇ ಎಳೆದು ಕೂರಿಸಿದ ಚರ್ಮ, ಚರ್ಮದ ಕೆಳಗೆ ಅವಳ ಕೈಬರಹ. ಹೊಸ್ತಿಲ ಮೇಲಿನ ದೆವ್ವ ಬೀದಿ ನೋಡುತ್ತಿತ್ತು. ರಟ್ಟಣ್ಣ ದೆವ್ವವನ್ನು ನೋಡುತ್ತಿದ್ದ. ಇಬ್ಬರನ್ನೂ ಜನ ನೋಡುತ್ತಿದ್ದರು. "ಪಾಪ, ಮಾತಾಡಿಸ್ತಾ ಇದ್ದಾನೆ" ಎಂದು ಅಟೆಂಡರ್ ಎಲ್ಲರಿಗೂ ವಿವರಿಸುತ್ತಿದ್ದ.

ಬೀದಿಯಲ್ಲಿ ಅವನ ಸ್ಥಾನಮಾನ ಬದಲಾಯಿತು. ಹಾಲಿನವನು ಗೇಟಿನಾಚೆಯೇ ಹಾಲಿಟ್ಟು ಓಡಿದ. ಎದುರುಮನೆಯಾಕೆ ಮಾತ್ರ, ಇಷ್ಟು ವರ್ಷ ಇವನ ನಮಸ್ಕಾರಕ್ಕೂ ತಲೆ ಎತ್ತದವರು, ತಟ್ಟೆ ತುಂಬ ಬಿಸ್ಕತ್ತು ತಂದು ಮುಂದಿಟ್ಟರು.

"ಅಣ್ಣಾವ್ರೇ, ಒಂದು ವಿಷಯ ಕೇಳ್ತೀನಿ, ತಪ್ಪು ತಿಳ್ಕೋಬೇಡಿ."

"ಕೇಳಿ ಅಮ್ಮಾ."

"ಒಳಗೆ ಇರೋವ್ರಿಗೆ ನೋವು ಏನೂ ಆಗಲ್ಲ ಅಲ್ವಾ?"

ಕಾಗದದ ಬಗ್ಗೆ ಈಕೆಗೆ ಹೇಗೆ ತಿಳಿಯಿತು ಎಂದು ರಟ್ಟಣ್ಣನಿಗೆ ಆಶ್ಚರ್ಯವಾಯಿತು. "ಒಳಗೆ ಬೆಚ್ಚಗೆ ಇರುತ್ತಮ್ಮ. ಅಂಟು ಒಣಗಿದ ಮೇಲೆ ನೂರು ವರ್ಷ ಏನೂ ಆಗಲ್ಲ."

ಎದುರುಮನೆಯಾಕೆ ಹತ್ತಿರ ಸರಿದರು. "ನಮ್ಮತ್ತೆ ಇದ್ದಾರೆ. ನಿಮಗೆ ಗೊತ್ತಲ್ಲ. ಸ್ವಲ್ಪ ದಪ್ಪ. ಎರಡು ಸಂಪುಟ ಆದ್ರೂ ಪರವಾಗಿಲ್ಲ, ಅಣ್ಣಾವ್ರೇ. ಹೆಚ್ಚು ದೆವ್ವ ಇಲ್ಲದ ಪುಸ್ತಕ ನೋಡಿ. ಅಡುಗೆ ಪುಸ್ತಕ ಇದ್ರೆ ಒಳ್ಳೇದು, ಅವರಿಗೂ ಬೇಜಾರಾಗಲ್ಲ."

ರಟ್ಟಣ್ಣ ಬಾಯಿ ತೆರೆದ. ಅಭ್ಯಾಸಬಲ ದೊಡ್ಡದು. "ಆಗಲಿ" ಎಂದ.

ಸೊಸೆಯ ಹಿಂದೆಯೇ ಬಂದು ಗೇಟಿನಾಚೆ ನಿಂತಿದ್ದ ಅತ್ತೆ ಈ ಸಂಭಾಷಣೆಯನ್ನು ಕೇಳಿಸಿಕೊಂಡಿದ್ದರು. ಅರ್ಧ ಗಂಟೆಯಲ್ಲಿ ಅವರು ಠಾಣೆಯಲ್ಲಿದ್ದರು.

*

ದಫೇದಾರರು ಶುಕ್ರವಾರ ಬೆಳಿಗ್ಗೆ ಬಂದರು. ದೊಡ್ಡ ಮೀಸೆ, ಸಣ್ಣ ನೋಟ್ ಪುಸ್ತಕ.

"ನಿಮ್ಮ ಹೆಂಡತಿ ಎಲ್ಲಿ?"

"ಅಕ್ಕನ ಮನೇಲಿ ಸಾರ್."

"ಫೋನ್ ಮಾಡಿ."

"ನಾನು ಮಾಡಿದ್ರೆ ಎತ್ತಲ್ಲ ಸಾರ್."

"ಹೂಂ" ಎಂದು ದಫೇದಾರರು ಏನೋ ಬರೆದುಕೊಂಡರು. "ಅವರ ಮನೆಯವರಿಗೆ ಮಾಡಿ."

ಷಡ್ಡಕನ ದನಿ ಫೋನಿನಿಂದ ಕೋಣೆ ತುಂಬ ಹರಡಿತು. "ಅವಳು ಮಾತಾಡೋದಿಲ್ಲ ಅಂತಾಳಪ್ಪಾ! ಮುಗೀತು ಕಥೆ ಅಂತಾಳೆ! ಪುಸ್ತಕ ತಬ್ಕೊಂಡೇ ಇರು ಅನ್ನು ಅಂತಾಳೆ!"

ಪುಸ್ತಕ ಎಂಬ ಮಾತು ಕೇಳಿದ್ದೇ ದಫೇದಾರರ ಪೆನ್ನು ನಿಂತಿತು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಅವರು ನಾಪತ್ತೆಯಾದವರನ್ನು ಬಾವಿಯಲ್ಲಿ, ಲಾರಿಯಲ್ಲಿ, ಒಮ್ಮೆ ನೀರಿನ ಟ್ಯಾಂಕಿನಲ್ಲೂ ಹುಡುಕಿದ್ದರು. ಪುಸ್ತಕ ಹೊಸದು. ಆದರೆ ನಿಯಮ ನಿಯಮವೇ: ಶಂಕೆ ಬಂದ ಜಾಗವನ್ನು ತೆರೆದು ನೋಡತಕ್ಕದ್ದು.

"ನಾಳೆ ಆ ಪುಸ್ತಕ ಬಿಚ್ಚಬೇಕು. ನನ್ನೆದುರಿಗೆ."

ರಟ್ಟಣ್ಣ ದಫೇದಾರರ ಎರಡೂ ಕೈ ಹಿಡಿದುಕೊಂಡ. "ದೇವರಂಗೆ ಬಂದ್ರಿ ಸಾರ್!"

ತಪ್ಪಿತಸ್ಥ ಹೀಗೆ ಸಂತೋಷಪಟ್ಟದ್ದನ್ನು ದಫೇದಾರರು ಮೊದಲ ಸಲ ನೋಡಿದರು. ಅದನ್ನೂ ಬರೆದುಕೊಂಡರು.

ಶನಿವಾರ ನೆಲಮಾಳಿಗೆಯಲ್ಲಿ ಜಾಗ ಸಾಲಲಿಲ್ಲ. ಮೇಡಂ, ದಫೇದಾರರು, ಕಪಾಟಿನ ಹಿಂದೆ ಅಟೆಂಡರ್, ಪುಸ್ತಕ ನೋಡಲು ಬಂದು ಪುಸ್ತಕ ಬಿಚ್ಚುವುದನ್ನು ನೋಡಬೇಕಾಗಿ ಬಂದ ಪಂಡಿತರು. "ಮುನ್ನೂರು ವರ್ಷ! ಮುನ್ನೂರು ವರ್ಷ!" ಎಂದು ಪಂಡಿತರು ಕೈ ಹಿಸುಕಿಕೊಳ್ಳುತ್ತಿದ್ದರು.

"ಮುನ್ನೂರು ವರ್ಷ ಒಳಗಿನ ಪುಟಕ್ಕೆ ಸ್ವಾಮಿ. ಬೆನ್ನು ಹೋದ ತಿಂಗಳದ್ದು, ನಂದೇ" ಎಂದ ರಟ್ಟಣ್ಣ. ಮೇಜಿನ ಮುಂದೆ ಕೂತಾಗ ಅವನು ಬೇರೆಯೇ ಮನುಷ್ಯ. ಒದ್ದೆ ಹತ್ತಿಯನ್ನು ಬೆನ್ನಿನ ಅಂಚಿಗೆ ಒತ್ತಿದ, ಕಾದ. ಮೂಳೆಯ ಅಲಗಿನಿಂದ ಚರ್ಮವನ್ನು ಕೂದಲೆಳೆಯಷ್ಟು ಎಬ್ಬಿಸಿದ, ಮತ್ತೆ ಕಾದ. ಕೊನೆಗೆ ಹಳೆಯ ಗಾಯದಿಂದ ಪಟ್ಟಿ ಬಿಚ್ಚುವ ಹಾಗೆ, ಕಂದು ಕಾಗದ ಇಡಿಯಾಗಿ ಹೊರಗೆ ಬಂತು.

"ಇಷ್ಟೇನಾ?" ಎಂದಿತು ಕಪಾಟಿನ ಹಿಂದಿನ ದನಿ, ನಿರಾಸೆಯಿಂದ.

ರಟ್ಟಣ್ಣ ಕೈ ಚಾಚುವಷ್ಟರಲ್ಲಿ ದಫೇದಾರರು ಕಾಗದ ಎತ್ತಿಕೊಂಡರು. ಸಾಕ್ಷ್ಯವನ್ನು ಎಲ್ಲರೆದುರು ಗಟ್ಟಿಯಾಗಿ ಓದತಕ್ಕದ್ದು. ಮಡಿಕೆ ಬಿಡಿಸಿ, ಗಂಟಲು ಸರಿಮಾಡಿಕೊಂಡು, ಠಾಣೆಯಲ್ಲಿ ಹೇಳಿಕೆ ಓದುವ ದನಿಯಲ್ಲಿ ಶುರು ಮಾಡಿದರು.

"'ರೀ, ಬಾಯಲ್ಲಿ ಕೇಳಿದರೆ ನೀವು ಆಗಲಿ ಅನ್ನುತ್ತೀರಿ ಅಂತ ಬರೆದು ಕೇಳುತ್ತಿದ್ದೇನೆ. ಪರದೆ ಬದಲಾಯಿಸಲಾ ಅಂದೆ, ಆಗಲಿ ಅಂದಿರಿ. ಹೊಸದು ಚೆನ್ನಾಗಿಲ್ಲ, ಹಳೆಯದೇ ಹಾಕಲಾ ಅಂದೆ, ಅದಕ್ಕೂ ಆಗಲಿ ಅಂದಿರಿ. ನಮಗೆ ಮದುವೆಯಾಗಿ ಹತ್ತೊಂಬತ್ತು ವರ್ಷ. ಒಂದು ದಿನ ಜಗಳ ಆಗಿಲ್ಲ ಅಂತ ಬೀದಿಯೆಲ್ಲ ಹೊಗಳುತ್ತಾರೆ. ಒಬ್ಬಳೇ ಎಷ್ಟು ಅಂತ ಜಗಳ ಆಡಲಿ?'"

ದಫೇದಾರರು ಒಮ್ಮೆ ನಿಲ್ಲಿಸಿ ರಟ್ಟಣ್ಣನನ್ನು ನೋಡಿದರು. ಮುಂದುವರಿಸಿದಾಗ ದನಿ ಸ್ವಲ್ಪ ಇಳಿದಿತ್ತು.

"'ಅಕ್ಕ ಅಂಗಡಿಯಲ್ಲಿ ಪಾಲು ಕೊಡುತ್ತೇನೆ, ಇಲ್ಲೇ ಉಳಿದುಬಿಡು, ಬೋರ್ಡಿನಲ್ಲಿ ನಿನ್ನ ಹೆಸರೂ ಬರೆಸುತ್ತೇನೆ ಅನ್ನುತ್ತಾಳೆ. ಕೇಳುತ್ತಿದ್ದೇನೆ: ಅಲ್ಲೇ ಉಳಿದುಬಿಡಲಾ? ಬೇಡ ಅನ್ನಿ. ಯಾಕೆ ಅಂತ ಹೇಳಬೇಕಾಗಿಲ್ಲ. ಬೇಡ ಅಂತ ಒಂದು ಮಾತು ಬಂದರೆ ಮರುದಿನದ ಬಸ್ಸಿಗೆ ಬರುತ್ತೇನೆ. ಆಗಲಿ ಅಂದರೆ, ನಾನು ಇದ್ದರೂ ಇಲ್ಲದಿದ್ದರೂ ನಿಮಗೆ ಒಂದೇ ಅಂತ ತಿಳಿದುಕೊಳ್ಳುತ್ತೇನೆ. ನೀಲಿ ಅಂಗಿಯ ಎರಡನೇ ಗುಂಡಿ ಸಡಿಲಾಗಿದೆ. ಎಳೆಯಬೇಡಿ.'"

ಎಲ್ಲರ ಕಣ್ಣೂ ಒಟ್ಟಿಗೆ ರಟ್ಟಣ್ಣನ ಅಂಗಿಯ ಕಡೆ ಹೋಯಿತು. ಎರಡನೇ ಗುಂಡಿಯ ಜಾಗದಲ್ಲಿ ಮೇಣದ ದಾರದ ಗಂಟು ಇತ್ತು.

"ಅವರು ಫೋನಲ್ಲಿ ಕೇಳಿದಾಗ ನೀವು ಏನಂದ್ರಿ?" ಎಂದರು ಮೇಡಂ.

"ಧಾರಾಳವಾಗಿ ಆಗಲಿ ಅಂದೆ ಮೇಡಂ."

ಪಂಡಿತರು "ಅಯ್ಯೋ" ಎಂದರು. ಮುನ್ನೂರು ವರ್ಷದ ಸುದ್ದಿಯನ್ನು ಅವರು ಮತ್ತೆ ಎತ್ತಲಿಲ್ಲ.

ದಫೇದಾರರು ಕಾಗದವನ್ನು ಮಡಿಚಿದರು. "ಇದರಲ್ಲಿ ಅಪರಾಧ ಏನೂ..." ಎಂದು ಶುರು ಮಾಡಿ, ಮೀಸೆ ಒರೆಸಿಕೊಂಡು ತಿದ್ದಿಕೊಂಡರು. "ಇದೆ. ಆದ್ರೆ ನಮ್ಮ ವ್ಯಾಪ್ತಿಗೆ ಬರಲ್ಲ."

ಹೊರಡುವ ಮೊದಲು ರಟ್ಟಣ್ಣ ಪಂಡಿತರ ಮುಂದೆ ನಲವತ್ತಮೂರನೇ ಪುಟ ತೆರೆದು ಹಿಡಿದ. ಇಷ್ಟು ದಿನ ಜೊತೆಗೆ ಕಾದ ದೆವ್ವವಲ್ಲವೇ. "ಸ್ವಾಮಿ, ಇದು ಯಾವ ದೆವ್ವ? ಯಾರನ್ನ ಕಾಯ್ತಾ ಇದೆ?"

ಪಂಡಿತರು ಬಗ್ಗಿ ಓದಿದರು. "ಯಾರನ್ನೂ ಇಲ್ಲಪ್ಪ. ಹಾಲು ಒಡೆಸೋ ದೆವ್ವ ಇದು. ಹಾಲಿನವನು ಬರೋ ದಾರಿ ನೋಡ್ತಾ ಇದೆ."

ಕಾಗದವನ್ನು ಅಟೆಂಡರ್ ಮೊಹರು ಒತ್ತಿ ರಟ್ಟಣ್ಣನಿಗೆ ಹಿಂದಕ್ಕೆ ಕೊಟ್ಟ. ಅಪರೂಪದ ಗ್ರಂಥದಿಂದ ಹೊರಬಿದ್ದ ಯಾವುದೇ ಹಾಳೆಗೆ ಮೊಹರು ಹಾಕದೆ ಬಿಡುವಂತಿಲ್ಲ. ಆ ಒಂದು ನಿಯಮವನ್ನು ಮಾತ್ರ ಅವನು ಯಾವತ್ತೋ ಪೂರ್ತಿ ಕೇಳಿಸಿಕೊಂಡಿದ್ದ.

*

ಭಾನುವಾರದ ಮೊದಲ ಬಸ್ಸಿನಲ್ಲಿ ರಟ್ಟಣ್ಣ ಕಿಟಕಿಯ ಪಕ್ಕ ಕೂತು ನಾಲ್ಕು ಗಂಟೆ ಅಭ್ಯಾಸ ಮಾಡಿದ. ಬೇಡ. ಬೇಡ. ಬೇಡ. ಟಿಕೆಟ್ ಬೇಕಾ ಎಂದು ಕೇಳಿದ ಕಂಡಕ್ಟರಿಗೂ ಅದೇ ಉತ್ತರ ಬಂದು ಸ್ವಲ್ಪ ಗಲಾಟೆಯಾಯಿತು. ಹೊಸ ಮಾತು ಹೊಸ ಚಪ್ಪಲಿಯ ಹಾಗೆ ಬಾಯೊಳಗೆ ಕಚ್ಚುತ್ತಿತ್ತು.

ಅಂಗಡಿಯ ಮುಂದೆ ಏಣಿ ನಿಂತಿತ್ತು. ಏಣಿಯ ಮೇಲೆ ಪೇಂಟರ್. ಬೋರ್ಡಿನಲ್ಲಿ ಅಕ್ಕನ ಹೆಸರು ಕೆಂಪಗೆ ಮುಗಿದು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಇನ್ನೊಂದು ಹೆಸರಿನ ಗೆರೆಗಳು ಮೂಡಿದ್ದವು. ರಟ್ಟಣ್ಣ ಆ ಹೆಸರನ್ನು ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಲ್ಲ.

"ಏನಮ್ಮಾ, ಎರಡನೇ ಹೆಸರು ಬರೀಲಾ?" ಪೇಂಟರ್ ಕುಂಚ ಅದ್ದಿಕೊಂಡು ಒಳಗೆ ಕೂಗಿದ.

"ಬೇಡ!"

ಬೀದಿಯ ಆಚೆ ಬದಿಯಿಂದ ಬಂದ ಆ ಕೂಗಿಗೆ ಪೇಂಟರನ ಕುಂಚ ಕೆಳಗೆ ಬಿತ್ತು. ಒಳಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆಪಟ್ಟಿ, ತುಟಿಯ ನಡುವೆ ಎರಡು ಗುಂಡುಪಿನ್ನು. ಹಿಂದೆ ಅಕ್ಕ, ಅವಳ ಹಿಂದೆ ಷಡ್ಡಕ.

ಅವಳು ಪಿನ್ನು ತೆಗೆದಳು. "ಯಾರು ಬೇಡ ಅಂದದ್ದು?"

ರಟ್ಟಣ್ಣ ಕಾಗದ ಚಾಚಿದ. ಅಂಟಿನ ಕಲೆ, ಚರ್ಮದ ಬಣ್ಣ, ಮಧ್ಯೆ ನೀಲಿ ಮೊಹರು. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೇನಿದು? 'ಅಪರೂಪದ ಸಂಗ್ರಹ. ಹೊರಗೆ ಕೊಡತಕ್ಕದ್ದಲ್ಲ.'"

"ಅದು ಅಟೆಂಡರ್ ಹಾಕಿದ್ದು."

"ಎಲ್ಲಿತ್ತು ಇದು ಇಷ್ಟು ದಿನ?"

"ದೆವ್ವದ ಪುಸ್ತಕದ ಬೆನ್ನಲ್ಲಿ. ನಾನೇ ಅಂಟಿಸಿಬಿಟ್ಟಿದ್ದೆ. ಓದಿರಲಿಲ್ಲ."

"ಎರಡು ಸಲ ಓದಿದೆ ಅಂದ್ರಲ್ಲ?"

"ಒಂದು ಸಲವೂ ಓದಿರಲಿಲ್ಲ. ನಿನ್ನೆ ದಫೇದಾರರು ಓದಿದ್ರು. ಎಲ್ಲರೂ ಕೇಳಿದ್ರು."

ಅವಳ ಮುಖದಲ್ಲಿ ಸಿಟ್ಟು, ನಾಚಿಕೆ, ಇನ್ನೂ ಏನೇನೋ ಸಾಲಾಗಿ ಬಂದು ಹೋದವು. "ಕೂತ್ಕೊಳ್ಳಿ" ಎಂದಳು.

"ಬೇಡ."

"ನೀರು ಕೊಡ್ಲಾ?"

"ಬೇಡ."

"ಚಹಾ?"

"ಬೇಡ."

"ಶಹಬ್ಬಾಸ್!" ಎಂದ ಷಡ್ಡಕ. ಅಕ್ಕ ಅವನ ತೋಳು ಚಿವುಟಿದಳು.

ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ದನಿ ಸಣ್ಣದಾಯಿತು. "ಹಾಗಾದ್ರೆ ನಾನು ಮನೆಗೆ ಬರ್ಲಾ?"

ನಾಲ್ಕು ಗಂಟೆಯ ಅಭ್ಯಾಸ ಗಂಟಲಿನಿಂದ ಹೊರಟು ನಾಲಿಗೆಯ ತುದಿಗೆ ಬಂದಿತ್ತು. ರಟ್ಟಣ್ಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಏಣಿಯ ಮೇಲಿದ್ದ ಪೇಂಟರ್ ಕೂಡ ಬಗ್ಗಿ ನೋಡಿದ. ಬೇಡ ಅನ್ನುವ ಹಾಗಿಲ್ಲ. ಆಗಲಿ ಅಂದರೆ ಸತ್ತೆ. ಎರಡೂ ಮಾತು ಕೈಬಿಟ್ಟು ಹೋದ ಮೇಲೆ ಅವನ ಬಳಿ ಇನ್ನೇನು ಉಳಿದಿತ್ತು? ಆರಿದ ಚಹಾದ ಲೋಟ ನೆನಪಾಯಿತು. ದಾರವಿಲ್ಲದ ಸೂಜಿಯ ಟಕ್ ಟಕ್ ನೆನಪಾಯಿತು. ಕೈ ಕೆಳಗಿಳಿಸಿದ.

"ಬಾ" ಎಂದ.

ಅವಳು ತುಂಬ ಹೊತ್ತು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ತಲೆಯೆತ್ತಿ, "ಬರಿಯಪ್ಪ ಹೆಸರು" ಎಂದಳು ಪೇಂಟರಿಗೆ.

ರಟ್ಟಣ್ಣನ ಮುಖ ಇಳಿದುಹೋಯಿತು.

"ಯಾಕ್ರೀ ಮುಖ ಹಾಗೆ ಮಾಡ್ತೀರಿ, ಹಾಲು ಒಡೆದೋರ ಥರ? ಬರ್ತೀನಿ ಅಂತ ಬರೆದಿದ್ನಲ್ಲ. ಹೆಸರು ಇಲ್ಲಿರಲಿ, ನಾನು ಅಲ್ಲಿರ್ತೀನಿ. ವಾರಕ್ಕೆ ಮೂರು ದಿನ ಇಲ್ಲಿಗೆ ಬಂದು ಹೊಲೀತೀನಿ. ಏನಂತೀರಿ?"

ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ರಟ್ಟಣ್ಣ ಉತ್ತರ ಕೊಡುವ ಮೊದಲು ಯೋಚಿಸಿದ. ಮೂರು ದಿನವನ್ನು ಮನಸ್ಸಿನ ಬೆರಳ ತುದಿಯಲ್ಲಿ ಉಜ್ಜಿ ನೋಡಿದ. ತುಂಬ ದಪ್ಪ ಅನ್ನಿಸಿತು.

"ಮೂರು ಜಾಸ್ತಿಯಾಯ್ತು" ಎಂದ. "ಒಂದು ಸಾಲದಾ?"

ಅವಳ ಕಣ್ಣು ಅರಳಿತು. "ಒಂದಾ? ಒಂದು ದಿನದಲ್ಲಿ ಏನು ಹೊಲೀಲಿ, ನಿಮ್ಮ ತಲೆ?"

"ಒಂದೂವರೆ."

"ಅರ್ಧ ದಿನಕ್ಕೆ ಯಾರು ಬಸ್ಸು ಹತ್ತುತ್ತಾರೆ? ಮೂರು ಅಂದ್ರೆ ಮೂರು."

"ಎರಡು. ಅದೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್."

"ಇಷ್ಟು ವರ್ಷ ಎಲ್ಲಿ ಇಟ್ಟಿದ್ರಿ ಈ ಬಾಯಿ?"

ಅಕ್ಕ ನಡುವೆ ಬಂದು ಏನೋ ಹೇಳಹೊರಟಾಗ ಹೆಂಡತಿ ಅವಳನ್ನು ಕೈ ಸನ್ನೆಯಿಂದ ದೂರ ನಿಲ್ಲಿಸಿದಳು. ಜಗಳ ಇಷ್ಟು ಬೇಗ ಬಗೆಹರಿದುಬಿಟ್ಟರೆ ಎಂಬ ಹೆದರಿಕೆ ಅವಳ ಮುಖದಲ್ಲಿತ್ತು. ಮಾತಾಡುತ್ತಲೇ ಅವನ ಅಂಗಿಯ ಮೇಣದ ದಾರವನ್ನು ಹಲ್ಲಿನಿಂದ ಕಡಿದು, ಗುಂಡಿಯೊಂದನ್ನು ಹೊಲಿಯತೊಡಗಿದ್ದಳು. ಸೂಜಿ ಎದೆಯ ಮುಂದೆ ಓಡಾಡುತ್ತಿದ್ದುದರಿಂದ ರಟ್ಟಣ್ಣ ಅಲುಗಾಡದೆ ನಿಂತು ಜಗಳವಾಡಿದ. ಊರಿಗೆ ಹೋಗುವ ಬಸ್ಸು ಬಂದು ನಿಂತು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ಕಂಡಕ್ಟರ್ ಬೆಳಗಿನವನೇ, ಇವನ ಗುರುತು ಸಿಕ್ಕಿ, ಬಾಗಿಲಿಗೆ ಜೋತುಬಿದ್ದು, "ಬರ್ತೀರಾ, ಬೇಡ್ವಾ?" ಎಂದು ಕೂಗಿದ.

"ಸ್ವಲ್ಪ ತಡಿಯಪ್ಪಾ" ಎಂದಳು ಹೆಂಡತಿ, ತಿರುಗಿಯೂ ನೋಡದೆ. "ನಾವು ಮಾತಾಡ್ತಾ ಇದ್ದೀವಿ."